ಸುತ್ತಿಗೆ ಹಿಡಿದ ಕೈಯಲ್ಲಿ ಡ್ರಮ್ ಕೋಲು: ಜಾನ್ ಬಾನಮ್

ಪೀಣ್ಯದ ರಸ್ತೆಗಳಲ್ಲಿ ಬುಲೆಟ್ ಬೈಕಿನ ಗುಡುಗುಡು ಸದ್ದು ಕೇಳದ ದಿನವಿಲ್ಲ. ಆ ಬೈಕಿನ ಹುಟ್ಟೂರು ಯಾವುದೆಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಚೆನ್ನೈ ಎನ್ನುತ್ತಾರೆ. 1955ರಿಂದ ಅದು ಮದ್ರಾಸಿನಲ್ಲಿ ತಯಾರಾಗತೊಡಗಿದ್ದು ನಿಜ. ಆದರೆ ರಾಯಲ್ ಎನ್‌ಫೀಲ್ಡ್ ಕಂಪನಿ ತನ್ನ ಮೊದಲ ಮೋಟಾರ್ ಸೈಕಲನ್ನು 1901ರಲ್ಲಿ ಮಾಡಿದ್ದು ಇಂಗ್ಲೆಂಡಿನ ರೆಡಿಚ್ ಎಂಬ ಊರಿನಲ್ಲಿ. ಬೈಕಿಗಿಂತ ಮೊದಲು ರೆಡಿಚ್ ಹೆಸರಾಗಿದ್ದುದು ಹೊಲಿಗೆ ಸೂಜಿಗೆ. ಒಂದು ಕಾಲದಲ್ಲಿ ಜಗತ್ತಿನ ಸೂಜಿಗಳಲ್ಲಿ ಬಹುಪಾಲು ಅಲ್ಲಿಂದಲೇ ಹೋಗುತ್ತಿದ್ದವು. ಲೇತ್, ಪ್ರೆಸ್, ಸ್ಪ್ರಿಂಗ್, ಕಬ್ಬಿಣದ ಪುಡಿಯ ಊರು. ನಮ್ಮ ಪೀಣ್ಯದವರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಆ ಊರಿನಲ್ಲಿ 1948ರ ಮೇ 31ರಂದು ಜಾನ್ ಹೆನ್ರಿ ಬಾನಮ್ ಹುಟ್ಟಿದರು. ತಂದೆ ಜ್ಯಾಕ್ ಬಡಗಿ, ಕಟ್ಟಡದ ಕೆಲಸಗಾರ. ತಾಯಿ ಜೋನ್. ಐದು ವರ್ಷದ ಹುಡುಗ ಮನೆಯಲ್ಲಿ ಸಿಕ್ಕ ಡಬ್ಬಗಳನ್ನೆಲ್ಲ ಸಾಲಾಗಿ ಇಟ್ಟುಕೊಂಡು ಬಾರಿಸುತ್ತಿದ್ದ. ಜೀನ್ ಕ್ರುಪಾ, ಬಡ್ಡಿ ರಿಚ್ ಮೊದಲಾದ ಅಮೆರಿಕದ ಜಾಝ್ ಡ್ರಮ್ಮರುಗಳು ಅವನ ಮನಸ್ಸಿನಲ್ಲಿದ್ದರು. ಬೇರೆ ಮನೆಯಲ್ಲಾಗಿದ್ದರೆ ಏಟು ಬೀಳುತ್ತಿತ್ತೇನೋ. ಇಲ್ಲಿ ತಾಯಿ ಹತ್ತನೆಯ ವಯಸ್ಸಿಗೆ ಒಂದು ಸ್ನೇರ್ ಡ್ರಮ್ ಕೊಡಿಸಿದರು. ಹದಿನೈದನೆಯ ವಯಸ್ಸಿಗೆ ತಂದೆ ಒಂದು ಪೂರ್ತಿ ಸೆಟ್ ತಂದುಕೊಟ್ಟರು. ಗುರುವಿನ ಬಳಿ ಕೂತು ಕ್ರಮವಾಗಿ ಕಲಿತದ್ದು ಇಲ್ಲವೇ ಇಲ್ಲ. ಊರಿನ ಇತರ ಡ್ರಮ್ಮರುಗಳನ್ನು ಕೇಳಿ, ನೋಡಿ, ಮನೆಗೆ ಬಂದು ಬಾರಿಸಿ ಕಲಿತದ್ದೇ ಎಲ್ಲ.

ಓದಿನಲ್ಲಿ ಹೆಚ್ಚಿನ ಆಸೆ ಇರಲಿಲ್ಲ. 1964ರಲ್ಲಿ ಶಾಲೆ ಬಿಟ್ಟು ತಂದೆಯ ಜೊತೆ ಬಡಗಿ ಕೆಲಸಕ್ಕೆ ಸೇರಿದರು. ಹಗಲು ಮರ ಹೊರುವುದು, ಸುತ್ತಿಗೆ ಹಿಡಿಯುವುದು. ರಾತ್ರಿ ಬರ್ಮಿಂಗ್‌ಹ್ಯಾಮ್ ಸುತ್ತಮುತ್ತಲಿನ ಸಣ್ಣ ಬ್ಯಾಂಡುಗಳಲ್ಲಿ ಡ್ರಮ್. ಬರ್ಮಿಂಗ್‌ಹ್ಯಾಮ್ ಕಡೆಯ ಈ ಕಾರ್ಖಾನೆ ಪಟ್ಟಿಯಿಂದ ಹಾರ್ಡ್ ರಾಕ್ ಸಂಗೀತದ ಎಷ್ಟೋ ಜನ ಬಂದರು. ಬ್ಲ್ಯಾಕ್ ಸಬತ್ ಬ್ಯಾಂಡಿನ ಗಿಟಾರ್ ವಾದಕ ಟೋನಿ ಅಯೋಮಿ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಎರಡು ಬೆರಳುಗಳ ತುದಿ ಕಳೆದುಕೊಂಡವರು. ಆಮೇಲೂ ಅದೇ ಕೈಯಲ್ಲಿ ಗಿಟಾರ್ ಹಿಡಿದರು. ಆ ಸಂಗೀತದಲ್ಲಿರುವ ಲೋಹದ ಭಾರ ಸುಮ್ಮನೆ ಬಂದದ್ದಲ್ಲ ಎಂದು ನನಗೆ ಅನ್ನಿಸುವುದು ಇದಕ್ಕೇ.

ಬಾನಮ್ ಹದಿಹರೆಯದಲ್ಲೇ ಪ್ಯಾಟ್ ಎಂಬಾಕೆಯನ್ನು ಮದುವೆಯಾದರು. 1966ರ ಜುಲೈನಲ್ಲಿ ಮಗ ಜೇಸನ್ ಹುಟ್ಟಿದ. ಮನೆ ಇಲ್ಲ, ಸ್ವಲ್ಪ ಕಾಲ ಕ್ಯಾರವಾನ್ ಗಾಡಿಯಲ್ಲೇ ಸಂಸಾರ. ಬಾಡಿಗೆ, ಹಾಲು, ಮಗುವಿನ ಖರ್ಚು ಎಲ್ಲ ಡ್ರಮ್ಮಿನಿಂದ ಬರುವಂತಿರಲಿಲ್ಲ. ಬ್ಯಾಂಡ್ ಆಫ್ ಜಾಯ್ ಎಂಬ ತಂಡದಲ್ಲಿ ಗಾಯಕ ರಾಬರ್ಟ್ ಪ್ಲಾಂಟ್ ಜೊತೆ ನುಡಿಸಿದರು, ಅದೂ ಒಡೆಯಿತು. ಕೊನೆಗೆ 1968ರಲ್ಲಿ ಅಮೆರಿಕದ ಗಾಯಕ ಟಿಮ್ ರೋಸ್ ವಾರಕ್ಕೆ 40 ಪೌಂಡ್ ಕೊಟ್ಟು ಜೊತೆಗೆ ಕರೆದುಕೊಂಡರು. ಆ ಕಾಲಕ್ಕೆ ಅದು ಒಳ್ಳೆಯ ಸಂಬಳ.

ಅದೇ ಹೊತ್ತಿಗೆ ಲಂಡನ್ನಿನಲ್ಲಿ ಗಿಟಾರ್ ವಾದಕ ಜಿಮ್ಮಿ ಪೇಜ್ ಹೊಸ ಬ್ಯಾಂಡ್ ಕಟ್ಟುತ್ತಿದ್ದರು. ಗಾಯಕನಾಗಿ ಪ್ಲಾಂಟ್ ಸಿಕ್ಕಿದ್ದರು. ಪ್ಲಾಂಟ್ ತನ್ನ ಹಳೆಯ ಗೆಳೆಯನ ಹೆಸರು ಹೇಳಿದರು. ಆದರೆ ಬಾನಮ್ ಒಪ್ಪಲಿಲ್ಲ. ಕೈಯಲ್ಲಿದ್ದ ಸಂಬಳ ಬಿಟ್ಟು, ಹೆಸರೇ ಇಲ್ಲದ ಬ್ಯಾಂಡಿಗೆ ಹೋಗಲು ಹೆಂಡತಿ ಮಗು ಇರುವವನು ಹೇಗೆ ಒಪ್ಪಿಯಾನು? ಅವರ ಮನೆಯಲ್ಲಿ ಫೋನ್ ಕೂಡ ಇರಲಿಲ್ಲ. ಪ್ಲಾಂಟ್ ಎಂಟು ಟೆಲಿಗ್ರಾಂ ಕಳಿಸಿದರು. ಮ್ಯಾನೇಜರ್ ಪೀಟರ್ ಗ್ರಾಂಟ್ ಸುಮಾರು 40 ಕಳಿಸಿದರು. ಜೋ ಕಾಕರ್, ಕ್ರಿಸ್ ಫಾರ್ಲೋ ಎಂಬ ಹೆಸರಾದ ಗಾಯಕರೂ ಅದೇ ದಿನಗಳಲ್ಲಿ ಕರೆದರು. ಅಂತೂ ಬಾನಮ್ ಪೇಜ್ ಕಡೆಗೇ ಹೋದರು. ಬಾಸ್ ಗಿಟಾರ್ ಜಾನ್ ಪಾಲ್ ಜೋನ್ಸ್ ಅವರದು. ಸೆಪ್ಟೆಂಬರ್‌ನಲ್ಲಿ ಡೆನ್ಮಾರ್ಕಿನಲ್ಲಿ ಮೊದಲ ಕಾರ್ಯಕ್ರಮ. ಅಕ್ಟೋಬರ್ ಹೊತ್ತಿಗೆ ಬ್ಯಾಂಡಿಗೆ ಲೆಡ್ ಝೆಪ್ಪೆಲಿನ್ ಎಂಬ ಹೆಸರು.

1969ರ ಜನವರಿಯಲ್ಲಿ ಬಂದ ಮೊದಲ ಆಲ್ಬಮ್ಮಿನ ಮೊದಲ ಹಾಡಿನಲ್ಲೇ ಡ್ರಮ್ಮರುಗಳು ಬೆಚ್ಚಿಬಿದ್ದರು. ಡ್ರಮ್ ಸೆಟ್ಟಿನಲ್ಲಿ ನೆಲದ ಮೇಲೆ ನಿಲ್ಲುವ ದೊಡ್ಡ ಡ್ರಮ್ಮನ್ನು ಕಾಲಿನ ಪೆಡಲಿನಿಂದ ಬಾರಿಸುತ್ತಾರೆ. ಒಂದೊಂದು ಬೀಟಿಗೂ ಮೂರು ಭಾಗ ಮಾಡಿ, ನಮ್ಮ ತಾಳದ ಭಾಷೆಯಲ್ಲಿ ತಿಶ್ರ ನಡೆ ಎನ್ನಬಹುದು, ಅದರ ಪೆಟ್ಟುಗಳನ್ನು ಬಾನಮ್ ಕಾಲಿನಿಂದ ಹಾಕಿದ ವೇಗಕ್ಕೆ, ಎರಡು ಪೆಡಲ್ ಇರಲೇಬೇಕು ಎಂದು ಕೇಳಿದವರು ನಂಬಿದರು. ಇದ್ದದ್ದು ಒಂದೇ ಪೆಡಲ್, ಒಂದೇ ಬಲಗಾಲು.

ಅವರ ಡ್ರಮ್ಮುಗಳು ದೊಡ್ಡವು, ಕಾಲಿನ ಡ್ರಮ್ಮಿನ ಅಡ್ಡಳತೆ 26 ಇಂಚು. ಅನೇಕರು ಒಳಗೆ ಕಂಬಳಿ ತುರುಕಿ ಸದ್ದು ಅಡಗಿಸುತ್ತಿದ್ದ ಕಾಲದಲ್ಲಿ ಬಾನಮ್ ತಮ್ಮ ಡ್ರಮ್ಮನ್ನು ಬಿಗಿಯಾಗಿ ಎಳೆದು, ತುಂಬಿ ಮೊಳಗಲು ಬಿಟ್ಟರು. ಕೋಲು ಎಸೆದು ಬರಿಗೈಯಲ್ಲಿ ಬಾರಿಸುವುದೂ ಇತ್ತು. ಮೋಬಿ ಡಿಕ್ ಎಂಬ ಡ್ರಮ್ ಪ್ರಧಾನ ರಚನೆ ವೇದಿಕೆಯ ಮೇಲೆ ಕೆಲವೊಮ್ಮೆ ಅರ್ಧ ಗಂಟೆಯವರೆಗೆ ನಡೆಯುತ್ತಿತ್ತು. ಮಂಗಳೂರು ಕಡೆಯ ಬ್ಯಾರಿಗಳ ದಫ್ ಕೇಳಿದವರಿಗೆ ಬರಿಗೈ ಚರ್ಮಕ್ಕೆ ತಾಗಿದಾಗ ಬರುವ ಸದ್ದಿನ ರುಚಿ ಗೊತ್ತು.

ವಿಜ್ಞಾನ ವಿಭಾಗದವರು ಗಮನಿಸಬೇಕಾದ ಕಥೆಯೊಂದಿದೆ. ನಾಲ್ಕನೆಯ ಆಲ್ಬಮ್ಮಿನ ಕೆಲಸ ಹ್ಯಾಂಪ್‌ಶೈರಿನ ಹೆಡ್ಲಿ ಗ್ರೇಂಜ್ ಎಂಬ ಹಳೆಯ ಮನೆಯಲ್ಲಿ ನಡೆಯಿತು. 1795ರಲ್ಲಿ ಬಡವರ ಆಶ್ರಯಕ್ಕೆಂದು ಕಟ್ಟಿದ ಕಟ್ಟಡ ಅದು. ಅದರ ಮೆಟ್ಟಿಲುಗಳ ಬುಡದಲ್ಲಿ ಡ್ರಮ್ ಸೆಟ್ ಇಟ್ಟರು. ಎಂಜಿನಿಯರ್ ಆಂಡಿ ಜಾನ್ಸ್ ಮೈಕನ್ನು ಡ್ರಮ್ಮಿನ ಪಕ್ಕದಲ್ಲಿಡದೆ, ಎರಡು ಮೈಕುಗಳನ್ನು ಮೇಲಿನ ಮಹಡಿಯ ಕಡೆಯಿಂದ ಕೆಳಗೆ ಇಳಿಬಿಟ್ಟರು. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ನೇರವಾಗಿ ಬಂದ ಸದ್ದಿನ ಹಿಂದೆಯೇ ಗೋಡೆ, ಮೆಟ್ಟಿಲು, ಛಾವಣಿಗೆ ಬಡಿದು ತಿರುಗಿದ ಸದ್ದು ಸ್ವಲ್ಪ ತಡವಾಗಿ ಬಂದು ಸೇರಿಕೊಂಡಿತು. ಅದರ ಮೇಲೆ ಒಂದು ಎಕೋ ಯಂತ್ರ. ವೆನ್ ದ ಲೆವಿ ಬ್ರೇಕ್ಸ್ ಹಾಡಿನ ಆರಂಭದಲ್ಲಿ ಕೇಳುವುದು ಒಬ್ಬ ಮನುಷ್ಯ ಮತ್ತು ಒಂದು ಕಟ್ಟಡ ಸೇರಿ ಮಾಡಿದ ಸದ್ದು. 1971ರಲ್ಲಿ ಬಂದ ಆ ಬೀಟನ್ನು ಹದಿನೈದು ವರ್ಷಗಳ ನಂತರ ಬೀಸ್ಟಿ ಬಾಯ್ಸ್ ಎಂಬ ರ‍್ಯಾಪ್ ತಂಡ ತನ್ನ ಹಾಡಿಗೆ ಎತ್ತಿಕೊಂಡಿತು. ಬೇರೆಯವರೂ ಎತ್ತಿಕೊಂಡರು. ಇಂದು ರ‍್ಯಾಪ್ ಕೇಳುವ ನಮ್ಮ ಹುಡುಗರು ಬಾನಮ್ ಹೆಸರು ಗೊತ್ತಿಲ್ಲದೆಯೇ ಅವರ ಡ್ರಮ್ ಕೇಳಿರಬಹುದು.

ಅದೇ ಆಲ್ಬಮ್ಮಿನ ಫೋರ್ ಸ್ಟಿಕ್ಸ್ ಹಾಡಿಗೆ ಆ ಹೆಸರು ಬಂದದ್ದು ಬಾನಮ್ ಕೈಗೆರಡರಂತೆ ನಾಲ್ಕು ಕೋಲು ಹಿಡಿದು ಬಾರಿಸಿದ್ದರಿಂದ. 1972ರಲ್ಲಿ ಪೇಜ್ ಮತ್ತು ಪ್ಲಾಂಟ್ ಮುಂಬಯಿಗೆ ಬಂದು ನಮ್ಮ ದೇಶದ ವಾದಕರೊಡನೆ ಅದನ್ನು ಮತ್ತೆ ರೆಕಾರ್ಡ್ ಮಾಡಿದರು. ಕೋಲುಗಳಿದ್ದ ಜಾಗಕ್ಕೆ ತಬಲಾ ಬಂತು. ಅದು ಅಧಿಕೃತವಾಗಿ ಹೊರಬಂದದ್ದು 2015ರಲ್ಲಿ, ಫೋರ್ ಹ್ಯಾಂಡ್ಸ್ ಎಂಬ ಹೆಸರಿನಲ್ಲಿ. ಬಾನಮ್ ಮಾತ್ರ ಆ ಮುಂಬಯಿ ರೆಕಾರ್ಡಿಂಗಿನಲ್ಲಿ ಇರಲಿಲ್ಲ.

ಹಣ ಬಂತು. ವೂಸ್ಟರ್‌ಶೈರಿನಲ್ಲಿ ಜಮೀನು ಕೊಂಡು ಹೆರೆಫರ್ಡ್ ತಳಿಯ ದನ ಸಾಕಿದರು. ಬಡಗಿ ಕೆಲಸ ಗೊತ್ತಿದ್ದವರಿಗೆ ತೋಟದ ಮನೆಯಲ್ಲಿ ಮಾಡಲು ಏನಾದರೂ ಇದ್ದೇ ಇತ್ತು. ಪುಟ್ಟ ಜೇಸನ್‌ಗೆ ಪುಟ್ಟ ಡ್ರಮ್ ಸೆಟ್ ಕೊಡಿಸಿದರು. 1976ರಲ್ಲಿ ಬಂದ ಬ್ಯಾಂಡಿನ ಚಿತ್ರದಲ್ಲಿ ಅಪ್ಪ ಮಗ ಇಬ್ಬರನ್ನೂ ನೋಡಬಹುದು. ಆ ಮನೆ ಬಿಟ್ಟು ತಿಂಗಳುಗಟ್ಟಲೆ ಅಮೆರಿಕ ಸುತ್ತುವುದು ಅವರಿಗೆ ಹಿಡಿಸುತ್ತಿರಲಿಲ್ಲ. ವಿಮಾನ ಎಂದರೆ ಭಯ. ಊರಿನ ನೆನಪು, ಭಯ ಎರಡಕ್ಕೂ ಅವರು ಕಂಡುಕೊಂಡದ್ದು ಕುಡಿತ. ಕುಡಿದಾಗ ಅವರು ಬೇರೆಯೇ ಮನುಷ್ಯ. 1977ರ ಜುಲೈನಲ್ಲಿ ಅಮೆರಿಕದ ಓಕ್‌ಲ್ಯಾಂಡ್ ಕಾರ್ಯಕ್ರಮದಲ್ಲಿ ಆಯೋಜಕರ ಸಿಬ್ಬಂದಿಯ ಮೇಲೆ ನಡೆದ ಹಲ್ಲೆಯ ಮೊಕದ್ದಮೆಯಲ್ಲಿ ಅವರೂ ಒಬ್ಬ ಆರೋಪಿ, ದಂಡ ಕಟ್ಟಿದರು. ಇದನ್ನು ಮುಚ್ಚಿಟ್ಟು ಬರೆಯುವುದು ಸರಿಯಲ್ಲ. ಆ ಘಟನೆಯಾದ ಮೂರೇ ದಿನಕ್ಕೆ ಪ್ಲಾಂಟ್ ಅವರ ಐದು ವರ್ಷದ ಮಗ ಕಾಯಿಲೆಯಿಂದ ತೀರಿಕೊಂಡ. ಗೆಳೆಯನ ಜೊತೆ ಊರಿಗೆ ಮರಳಿ, ಅಂತ್ಯಕ್ರಿಯೆಯಲ್ಲಿ ಪಕ್ಕದಲ್ಲಿ ನಿಂತವರು ಬಾನಮ್. ಇದೂ ಅದೇ ಮನುಷ್ಯ.

1980ರ ಜೂನ್‌ನಲ್ಲಿ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಮೂರನೆಯ ಹಾಡಿಗೇ ಕುಸಿದರು, ಕಾರ್ಯಕ್ರಮ ನಿಂತಿತು. ಸೆಪ್ಟೆಂಬರ್ 24ರಂದು ಅಮೆರಿಕ ಪ್ರವಾಸದ ಅಭ್ಯಾಸಕ್ಕೆ ಹೊರಟವರು ಬೆಳಿಗ್ಗೆಯ ತಿಂಡಿಯಿಂದಲೇ ವೋಡ್ಕಾ ಶುರುಮಾಡಿದರು. ರಾತ್ರಿಯವರೆಗೂ ನಿಲ್ಲಲಿಲ್ಲ. ಪೇಜ್ ಅವರ ಮನೆಯಲ್ಲಿ ಮಲಗಿಸಿದರು. ಮರುದಿನ ಮಧ್ಯಾಹ್ನ ಜೋನ್ಸ್ ಎಬ್ಬಿಸಲು ಹೋದಾಗ ಉಸಿರು ಇರಲಿಲ್ಲ. ನಿದ್ದೆಯಲ್ಲಿ ಆದ ವಾಂತಿ ಉಸಿರುಗಟ್ಟಿಸಿತ್ತು. ವಿಚಾರಣೆ ಇದನ್ನು ಆಕಸ್ಮಿಕ ಸಾವು ಎಂದಿತು. ವಯಸ್ಸು 32.

ಬೇರೆ ಡ್ರಮ್ಮರನ್ನು ತರುವುದು ಕಷ್ಟವಿರಲಿಲ್ಲ, ದುಡ್ಡೂ ಕಾಯುತ್ತಿತ್ತು. ಉಳಿದ ಮೂವರು ಡಿಸೆಂಬರ್ 4ರಂದು ಬ್ಯಾಂಡ್ ಮುಗಿಯಿತೆಂದು ಪ್ರಕಟಿಸಿದರು. ರಷಕ್ ಎಂಬ ಹಳ್ಳಿಯ ಚರ್ಚಿನ ಅಂಗಳದಲ್ಲಿ ಅವರ ಸಮಾಧಿಯಿದೆ. ದೂರದಿಂದ ಬರುವ ಡ್ರಮ್ಮರುಗಳು ಅಲ್ಲಿ ತಮ್ಮ ಕೋಲುಗಳನ್ನು ಇಟ್ಟು ಹೋಗುತ್ತಾರೆ. 2018ರ ಮೇ 31ರಂದು ರೆಡಿಚ್ ಪೇಟೆಯ ನಡುವೆ ಅವರ ಕಂಚಿನ ಪ್ರತಿಮೆ ನಿಂತಿತು.

2007ರ ಡಿಸೆಂಬರ್ 10ರಂದು ಲಂಡನ್ನಿನಲ್ಲಿ ಪೇಜ್, ಪ್ಲಾಂಟ್, ಜೋನ್ಸ್ ಮತ್ತೆ ಒಟ್ಟಾಗಿ ಒಂದು ಕಾರ್ಯಕ್ರಮ ಕೊಟ್ಟರು. ಅವರ ರೆಕಾರ್ಡ್ ಕಂಪನಿಯನ್ನು ಕಟ್ಟಿದ, ಟರ್ಕಿಯ ರಾಯಭಾರಿಯೊಬ್ಬರ ಮಗ ಅಹ್ಮೆತ್ ಎರ್ಟೆಗುನ್ ಅವರ ನೆನಪಿಗೆ ನಡೆದ ಕಾರ್ಯಕ್ರಮ ಅದು. ಟಿಕೆಟಿಗೆ ಸುಮಾರು 2 ಕೋಟಿ ಕೋರಿಕೆಗಳು ಬಂದವೆಂದು ಲೆಕ್ಕ. ಹಿಂದೆ ಡ್ರಮ್ಮಿನ ಮೇಲೆ ಕೂತಿದ್ದವರು, ತಂದೆ ತೀರಿಕೊಂಡಾಗ 14 ವರ್ಷದವರಾಗಿದ್ದ ಜೇಸನ್ ಬಾನಮ್.