ಮೇರಿ ಆಂಡರ್ಸನ್

ಮೇರಿ ಆಂಡರ್ಸನ್ (ಫೆಬ್ರವರಿ 19, 1866 – ಜೂನ್ 27, 1953) ಅಮೆರಿಕ ಸಂಯುಕ್ತ ಸಂಸ್ಥಾನದ ಆವಿಷ್ಕಾರಕಿ ಹಾಗೂ ಉದ್ಯಮಿ. ವಾಹನದ ಮುಂಗಾಜನ್ನು ಚಾಲಕನು ಒಳಗೆ ಕುಳಿತೇ ಒರೆಸಬಹುದಾದ ವೈಪರ್ ಸಾಧನಕ್ಕೆ ಇವರು 1903ರಲ್ಲಿ ಪೇಟೆಂಟ್ ಪಡೆದರು. ಮುಂದೆ ವೈಪರ್ ಎಲ್ಲ ಕಾರುಗಳಿಗೂ ಅನಿವಾರ್ಯವಾದರೂ ಅದರಿಂದ ಇವರಿಗೆ ಆದಾಯ ದೊರೆಯಲಿಲ್ಲ.

ಆರಂಭಿಕ ಜೀವನ

ಮೇರಿಯವರು ಅಲಬಾಮಾ ರಾಜ್ಯದ ಗ್ರೀನ್ ಕೌಂಟಿಯಲ್ಲಿ ಜನಿಸಿದರು. 1870ರಲ್ಲಿ ತಂದೆ ತೀರಿಕೊಂಡರು. 1889ರಲ್ಲಿ ತಾಯಿ ಮತ್ತು ಸಹೋದರಿಯೊಂದಿಗೆ ಬರ್ಮಿಂಗ್‌ಹ್ಯಾಮ್ ನಗರಕ್ಕೆ ಬಂದು, ಅಲ್ಲಿ ಫೇರ್‌ಮಾಂಟ್ ಎಂಬ ವಸತಿ ಸಮುಚ್ಚಯವನ್ನು ಕಟ್ಟಿಸಿದರು. 1893ರಿಂದ 1898ರವರೆಗೆ ಕ್ಯಾಲಿಫೋರ್ನಿಯಾದ ಫ್ರೆಸ್ನೊದಲ್ಲಿ ಜಾನುವಾರು ಸಾಕಣೆ ಹಾಗೂ ದ್ರಾಕ್ಷಿ ತೋಟವನ್ನು ನಡೆಸಿ ಮತ್ತೆ ಬರ್ಮಿಂಗ್‌ಹ್ಯಾಮ್‌ಗೆ ಮರಳಿದರು.

ಆವಿಷ್ಕಾರ

1902–03ರ ಚಳಿಗಾಲದಲ್ಲಿ ನ್ಯೂಯಾರ್ಕ್ ನಗರಕ್ಕೆ ಭೇಟಿ ನೀಡಿದ್ದಾಗ ಟ್ರಾಮಿನ ಚಾಲಕನು ಹಿಮಮಿಶ್ರಿತ ಮಳೆಯಲ್ಲಿ ಮುಂದಿನ ದಾರಿ ಕಾಣದೆ ಗಾಜನ್ನು ತೆರೆದಿಟ್ಟು ಗಾಡಿ ಓಡಿಸುತ್ತಿದ್ದುದನ್ನು ಅವರು ಗಮನಿಸಿದರು. ಊರಿಗೆ ಮರಳಿದ ಬಳಿಕ ಇದಕ್ಕೊಂದು ಪರಿಹಾರವನ್ನು ರೂಪಿಸಿ, ಮಾದರಿಯನ್ನು ತಯಾರಿಸಿಸಿದರು. ಒಳಗಿನ ಹಿಡಿಯನ್ನು ತಿರುಗಿಸಿದಾಗ ಹೊರಗಿನ ತೋಳು ರಬ್ಬರ್ ಪಟ್ಟಿಯೊಂದಿಗೆ ಗಾಜಿನ ಮೇಲೆ ಚಲಿಸುತ್ತಿತ್ತು. ಸ್ಪ್ರಿಂಗ್ ಪಟ್ಟಿಯನ್ನು ಗಾಜಿಗೆ ಒತ್ತಿ ಹಿಡಿಯುತ್ತಿತ್ತು. ಬೇಡವಾದಾಗ ಸಾಧನವನ್ನು ಕಳಚಿಡಬಹುದಾಗಿತ್ತು. ಜೂನ್ 18, 1903ರಂದು ಸಲ್ಲಿಸಿದ ಅರ್ಜಿಗೆ ಅದೇ ವರ್ಷದ ನವೆಂಬರ್ 10ರಂದು 7,43,801 ಸಂಖ್ಯೆಯ ಪೇಟೆಂಟ್ 17 ವರ್ಷಗಳ ಅವಧಿಗೆ ಲಭಿಸಿತು.

ಮಾರಾಟದ ಪ್ರಯತ್ನ

1905ರಲ್ಲಿ ಕೆನಡಾದ ಸಂಸ್ಥೆಯೊಂದಕ್ಕೆ ಹಕ್ಕುಗಳನ್ನು ಮಾರಲು ಅವರು ಪ್ರಯತ್ನಿಸಿದರು. ಸಾಧನಕ್ಕೆ ಸಾಕಷ್ಟು ವಾಣಿಜ್ಯ ಮೌಲ್ಯವಿಲ್ಲವೆಂದು ಸಂಸ್ಥೆಯು ನಿರಾಕರಿಸಿತು. ಆ ಕಾಲದಲ್ಲಿ ಮೋಟಾರು ವಾಹನಗಳು ವಿರಳವಾಗಿದ್ದವು. ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರು ಮಾರುಕಟ್ಟೆಗೆ ಬಂದದ್ದೇ 1908ರಲ್ಲಿ. ಕಾರುಗಳ ಬಳಕೆ ವ್ಯಾಪಕವಾಗುವ ಹೊತ್ತಿಗೆ, 1920ರಲ್ಲಿ, ಪೇಟೆಂಟಿನ ಅವಧಿ ಮುಗಿದು ವಿನ್ಯಾಸವು ಯಾರು ಬೇಕಾದರೂ ಬಳಸಬಹುದಾದ ಸಾರ್ವಜನಿಕ ಸ್ವತ್ತಾಯಿತು. 1922ರಲ್ಲಿ ಕ್ಯಾಡಿಲಾಕ್ ಕಂಪನಿಯು ತನ್ನ ಕಾರುಗಳಿಗೆ ವೈಪರನ್ನು ಕಡ್ಡಾಯ ಭಾಗವಾಗಿ ಅಳವಡಿಸಿತು.

ನಂತರದ ಬೆಳವಣಿಗೆ

ಕೈಯಿಂದ ನಡೆಸುವ ವೈಪರಿನ ಬದಲಿಗೆ ಕ್ರಮೇಣ ಎಂಜಿನ್ನಿನ ನಿರ್ವಾತದಿಂದ ಚಲಿಸುವ ಮೋಟಾರುಗಳು ಬಂದವು. ಏರುದಾರಿಯಲ್ಲಿ ಎಂಜಿನ್ನಿನ ಮೇಲೆ ಹೊರೆ ಹೆಚ್ಚಿದಾಗ ನಿರ್ವಾತ ಕಡಿಮೆಯಾಗಿ ಇವು ನಿಧಾನಗೊಳ್ಳುತ್ತಿದ್ದುದರಿಂದ, ಮುಂದೆ ವಿದ್ಯುತ್ ಮೋಟಾರುಗಳು ಇವುಗಳ ಸ್ಥಾನವನ್ನು ಪಡೆದವು. ರಬ್ಬರ್ ಪಟ್ಟಿಯುಳ್ಳ ತೋಳನ್ನು ಸ್ಪ್ರಿಂಗ್ ಗಾಜಿಗೆ ಒತ್ತಿ ಹಿಡಿಯುವ ಕ್ರಮ ಇಂದಿಗೂ ಉಳಿದಿದೆ.

ನಿಧನ ಮತ್ತು ಗೌರವ

ಮೇರಿಯವರು ತಮ್ಮ 87ನೆಯ ವಯಸ್ಸಿನಲ್ಲಿ ಟೆನೆಸ್ಸಿ ರಾಜ್ಯದ ಮಾಂಟ್‌ಈಗಲ್‌ನಲ್ಲಿದ್ದ ಬೇಸಿಗೆಯ ಮನೆಯಲ್ಲಿ ನಿಧನರಾದರು. ಬರ್ಮಿಂಗ್‌ಹ್ಯಾಮ್‌ನ ಎಲ್ಮ್‌ವುಡ್ ಸ್ಮಶಾನದಲ್ಲಿ ಅವರನ್ನು ಸಮಾಧಿ ಮಾಡಲಾಯಿತು. 2011ರಲ್ಲಿ ಅವರ ಹೆಸರನ್ನು ಅಮೆರಿಕದ ನ್ಯಾಷನಲ್ ಇನ್ವೆಂಟರ್ಸ್ ಹಾಲ್ ಆಫ್ ಫೇಮ್‌ಗೆ ಸೇರಿಸಲಾಯಿತು.