ಅಲೆಗಳ ಲೆಕ್ಕ ಕೊಟ್ಟ ಫೂರಿಯೆ

ಜೋಸೆಫ್ ಫೂರಿಯೆ ಅವರು 1768ನೇ ಇಸವಿ ಮಾರ್ಚ್ 21ರಂದು ಫ್ರಾನ್ಸ್ ದೇಶದ ಒಸೇರ್ ಎಂಬ ಊರಿನಲ್ಲಿ ಜನಿಸಿದರು. ಇವರ ತಂದೆ ದರ್ಜಿ. ಫೂರಿಯೆಗೆ ಒಂಬತ್ತು ವರ್ಷವಿದ್ದಾಗ ತಾಯಿ ತೀರಿಹೋದರು. ಮರುವರ್ಷ ತಂದೆಯೂ ಹೋದರು. ಆಮೇಲೆ ಪಾದ್ರಿಗಳು ನಡೆಸುತ್ತಿದ್ದ ಸೈನಿಕ ಶಾಲೆಗೆ ಸೇರಿದರು. ಅಲ್ಲಿ ಗಣಿತದ ಹುಚ್ಚು ಹಿಡಿಯಿತು. ಉರಿದು ಉಳಿದ ಮೇಣದಬತ್ತಿ ತುಂಡುಗಳನ್ನು ಕೂಡಿಟ್ಟು, ರಾತ್ರಿ ಎಲ್ಲರೂ ಮಲಗಿದ ಮೇಲೆ ಹಚ್ಚಿಕೊಂಡು ಓದುತ್ತಿದ್ದರಂತೆ.

ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ, 1794ರಲ್ಲಿ, ಇವರನ್ನು ಜೈಲಿಗೆ ಹಾಕಿದರು. ತಲೆ ಹೋಗುವ ಭಯವಿತ್ತು. ಅಷ್ಟರಲ್ಲಿ ಅಧಿಕಾರದಲ್ಲಿದ್ದ ರೋಬೆಸ್ಪಿಯರ್ ಬಿದ್ದುಹೋದ್ದರಿಂದ ಬಿಡುಗಡೆಯಾಯಿತು. 1798ರಲ್ಲಿ ನೆಪೋಲಿಯನ್ ಜೊತೆ ಈಜಿಪ್ಟಿಗೆ ಹೋದರು. ವಾಪಸು ಬಂದ ಮೇಲೆ ಗ್ರೆನೋಬಲ್‌ನಲ್ಲಿ ಜಿಲ್ಲಾಧಿಕಾರಿಯಂಥ ಹುದ್ದೆ ಸಿಕ್ಕಿತು.

ಕಚೇರಿ ಕೆಲಸದ ನಡುವೆಯೇ, ಕಬ್ಬಿಣದ ಬಳೆ ಕಾಯಿಸಿ ಶಾಖ ಹೇಗೆ ಹರಡುತ್ತದೆ ಅಂತ ಪ್ರಯೋಗ ಮಾಡಿದರು. ಅಂಕುಡೊಂಕಾದ ಗೆರೆಯನ್ನೂ ಚಿಕ್ಕ ದೊಡ್ಡ ಅಲೆಗಳಾಗಿ ಬಿಡಿಸಬಹುದು, ಅವನ್ನು ಕೂಡಿಸಿದರೆ ಮತ್ತೆ ಅದೇ ಗೆರೆ ಬರುತ್ತದೆ ಎಂದು 1807ರಲ್ಲಿ ಬರೆದು ಪ್ಯಾರಿಸ್ಸಿಗೆ ಒಪ್ಪಿಸಿದರು. ದೊಡ್ಡ ಗಣಿತಜ್ಞರಾದ ಲಗ್ರಾಂಜ್ ಒಪ್ಪಲಿಲ್ಲ. ಅದು ಅಚ್ಚಾಗಲಿಲ್ಲ. ಫೂರಿಯೆ ಮತ್ತೆ ಬರೆದರು. 1812ರಲ್ಲಿ ಬಹುಮಾನ ಬಂತು, ಆದರೆ ಜೊತೆಗೆ ತಪ್ಪನ್ನೂ ಎತ್ತಿ ತೋರಿಸಿದರು. ಕೊನೆಗೆ 1822ರಲ್ಲಿ ಪುಸ್ತಕವಾಯಿತು. ಒಟ್ಟು 15 ವರ್ಷ! 1830ರ ಮೇ 16ರಂದು ಪ್ಯಾರಿಸ್‌ನಲ್ಲಿ ನಿಧನರಾದರು.

ಈ ಲೆಕ್ಕ ಈಗ ಯಾತಕ್ಕೆ ಬೇಕು ಗೊತ್ತಾ? ಜಾತ್ರೆಯಲ್ಲಿ ತಮಟೆ, ಡೊಳ್ಳು, ಪೀಪಿ ಒಟ್ಟಿಗೆ ಕೇಳಿದರೂ ನಮ್ಮ ಕಿವಿ ಬೇರೆ ಬೇರೆ ಗುರುತಿಸುತ್ತೆ. ಹಾಗೇ ವಾತಾವರಣದಲ್ಲೂ ಹಲವು ಅಲೆಗಳು ಒಂದರ ಮೇಲೊಂದು ಸಾಗುತ್ತವೆ. ಉಪಗ್ರಹಗಳು ಭೂಮಿಯಿಂದ, ಮೋಡಗಳಿಂದ ಮೇಲಕ್ಕೆ ಬರುವ ಶಾಖವನ್ನು ದಿನಾಲೂ ಅಳೆಯುತ್ತವೆ. ಆ ಅಂಕಿಗಳನ್ನು ನೋಡಿದರೆ ಬರೀ ಕಲಸುಮೇಲೋಗರ. ಫೂರಿಯೆ ಲೆಕ್ಕದಿಂದ ಬಿಡಿಸಿದರೆ ಪೂರ್ವಕ್ಕೆ ಹೋಗುವ ಅಲೆ ಯಾವುದು, ಪಶ್ಚಿಮಕ್ಕೆ ಹೋಗುವುದು ಯಾವುದು, ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ತಿಳಿಯುತ್ತದೆ. ವೀಲರ್ ಮತ್ತು ಕಿಲಾಡಿಸ್ ಎಂಬ ವಿಜ್ಞಾನಿಗಳು 1999ರಲ್ಲಿ ಸಮಭಾಜಕ ವೃತ್ತದ ಹತ್ತಿರದ ಅಲೆಗಳನ್ನು ಹೀಗೆ ಬಿಡಿಸಿ ತೋರಿಸಿದರು. ಸುಮಾರು 30ರಿಂದ 60 ದಿನಕ್ಕೊಮ್ಮೆ ಪೂರ್ವಕ್ಕೆ ಸಾಗುವ ಮೋಡದ ದೊಡ್ಡ ಗುಂಪೂ ಇದರಲ್ಲಿ ಕಾಣುತ್ತದೆ. ನಮ್ಮ ಮುಂಗಾರು ಒಮ್ಮೆ ಜೋರಾಗಿ ಒಮ್ಮೆ ಬಿಡುವು ಕೊಡುವುದಕ್ಕೆ ಅದೂ ಒಂದು ಕಾರಣ.

ಫೂರಿಯೆ ಉಪಗ್ರಹ ನೋಡಲೇ ಇಲ್ಲ. ಆದರೂ ಅವರ ಲೆಕ್ಕ ಮಳೆ ಮೋಡದವರೆಗೂ ಬಂತು. ದೊಡ್ಡವರು ಒಪ್ಪಲಿಲ್ಲವೆಂದು ಅವರು ಬಿಟ್ಟುಬಿಟ್ಟಿದ್ದರೆ? ಆದ್ದರಿಂದ ಗೆಳೆಯರೇ, ಲೆಕ್ಕ ಒಂದು ಸಲ ತಪ್ಪಾಯ್ತು ಅಂತ ನಾವೂ ಸ್ಲೇಟು ಒರೆಸಿ ಸುಮ್ಮನೆ ಕೂರಬಾರದು.