ಗಾಣ ಎಳೆದ ವಕೀಲರು: ವಿ. ಓ. ಚಿದಂಬರಂ ಪಿಳ್ಳೈ

ವಿ. ಓ. ಚಿದಂಬರಂ ಪಿಳ್ಳೈಯವರಿಗೆ ತಮಿಳುನಾಡು ಎರಡು ಬಿರುದುಗಳನ್ನಿತ್ತಿದೆ. ಒಂದು, ಹಡಗು ನಡೆಸಿದ ತಮಿಳಿಗ. ಇನ್ನೊಂದು, ಗಾಣ ಎಳೆದ ಮಹನೀಯ. ಮೊದಲನೆಯ ಕಾರ್ಯವನ್ನು ಅವರೇ ಆರಿಸಿಕೊಂಡರು. ಎರಡನೆಯದನ್ನು ಆಳುವವರು ಅವರ ಹೆಗಲಿಗೇರಿಸಿದರು.

1872ರ ಸೆಪ್ಟೆಂಬರ್ 5ರಂದು ಒಟ್ಟಪಿಡಾರಂನಲ್ಲಿ ಜನಿಸಿದ ಅವರು ತಂದೆಯಂತೆಯೇ ವಕೀಲರಾದರು. 1906ರಲ್ಲಿ ಸ್ವದೇಶಿ ಹಡಗು ಕಂಪನಿಯನ್ನು ಸ್ಥಾಪಿಸಿ, ತೂತ್ತುಕುಡಿಗೂ ಕೊಲಂಬೊಗೂ ನಡುವೆ ಬ್ರಿಟಿಷರ ಹಡಗುಗಳಿಗೆ ಸ್ಪರ್ಧೆಯೊಡ್ಡಿದರು. 1908ರಲ್ಲಿ ತೂತ್ತುಕುಡಿಯ ಕೋರಲ್ ಗಿರಣಿಯ ಕಾರ್ಮಿಕರ ಮುಷ್ಕರಕ್ಕೆ ನೇತೃತ್ವ ನೀಡಿದರು. ಅದೇ ವರ್ಷ ಮಾರ್ಚ್‌ನಲ್ಲಿ ಅವರ ಬಂಧನವಾದಾಗ ತಿರುನೆಲ್ವೇಲಿ ಹೊತ್ತಿ ಉರಿಯಿತು. ಜುಲೈನಲ್ಲಿ ರಾಜದ್ರೋಹದ ಆಪಾದನೆಯ ಮೇಲೆ ಒಟ್ಟು 40 ವರ್ಷಗಳ ಶಿಕ್ಷೆ ವಿಧಿಸಲಾಯಿತು. ಮೇಲ್ಮನವಿಯಲ್ಲಿ ಅದು ಬಹುವಾಗಿ ಇಳಿಯಿತು.

ಅವರನ್ನು ಕೊಯಮತ್ತೂರಿನ ಸೆರೆಮನೆಗೆ ಕಳುಹಿಸಿದರು. ನಮ್ಮ ತಾಳವಾಡಿ ಸೀಮೆಯೂ ಅಂದು ಆ ಜಿಲ್ಲೆಗೇ ಸೇರಿತ್ತು. ಮೊದಲು ಸೆಣಬಿನ ಯಂತ್ರ ತಿರುಗಿಸುವ ಕೆಲಸ. ಅಂಗೈಯ ಚರ್ಮ ಸುಲಿದು ನೆತ್ತರು ಬಂದಿತು. ಬಳಿಕ ಎತ್ತಿನ ಸ್ಥಾನದಲ್ಲಿ ನಿಲ್ಲಿಸಿ ಎಣ್ಣೆಯ ಗಾಣ ಎಳೆಸಿದರು. ಎಣ್ಣೆಯೇ ಬೇಕಿದ್ದರೆ ಎತ್ತುಗಳಿಗೇನು ಬರವಿತ್ತೆ? ವಾದಿಸುವ ನಾಲಗೆಯನ್ನು ಅಡಗಿಸುವುದು, ಹೊರಗಿರುವವರಿಗೆ ಭಯ ಹುಟ್ಟಿಸುವುದು: ಇದು ಆ ದುಡಿಮೆಯ ಉದ್ದೇಶವಾಗಿತ್ತು. ಅವರ ಮನಸ್ಸು ಮಾತ್ರ ಮಣಿಯಲಿಲ್ಲ. ಸೆರೆಯಲ್ಲಿಯೇ ಜೇಮ್ಸ್ ಅಲೆನ್ನರ ಕೃತಿಯನ್ನು ತಮಿಳಿಗೆ ತಂದರು; ನೀತಿಪದ್ಯಗಳನ್ನು ರಚಿಸಿದರು.

1910ರ ಕೊನೆಯಲ್ಲಿ ಕಣ್ಣೂರಿನ ಸೆರೆಗೆ ವರ್ಗಾವಣೆಗೊಂಡ ಅವರು 1912ರ ಡಿಸೆಂಬರ್‌ನಲ್ಲಿ ಬಿಡುಗಡೆ ಹೊಂದಿದರು. ಹಿಂದೆ ಅವರಿಗಾಗಿ ಬೀದಿಗಿಳಿದ ಜನಸಾಗರ ಸೆರೆಮನೆಯ ಬಾಗಿಲಲ್ಲಿರಲಿಲ್ಲ. ಬಂದವರು ಬೆರಳೆಣಿಕೆಯ ಮಂದಿ. ಅಷ್ಟರಲ್ಲಿ ಕಂಪನಿ ಮುಚ್ಚಿತ್ತು, ವಕೀಲಿ ಸನ್ನದು ರದ್ದಾಗಿತ್ತು. ಚೆನ್ನೈಯಲ್ಲಿ ಸಣ್ಣಪುಟ್ಟ ವ್ಯಾಪಾರ ಮಾಡಿ ಸಂಸಾರ ಸಾಗಿಸಿದರು. ಗಾಣದ ಭಯ ಅದನ್ನು ಎಳೆದವರಿಗಿಂತ ನೋಡಿದವರನ್ನೇ ಹೆಚ್ಚು ಕಟ್ಟಿಹಾಕಿತೆಂದು ನಮಗೆ ತೋರುತ್ತದೆ. ಮುಂದೆ ಸನ್ನದು ಮರಳಿ ದೊರೆಯಿತು. ಕೊಡಿಸಲು ನೆರವಾದ ನ್ಯಾಯಾಧೀಶ ವಾಲೇಸರ ನೆನಪಿಗೆ ಮಗನಿಗೆ ವಾಲೇಶ್ವರನ್ ಎಂದು ಹೆಸರಿಟ್ಟರು. 1936ರ ನವೆಂಬರ್ 18ರಂದು ತೂತ್ತುಕುಡಿಯಲ್ಲಿ ನಿಧನರಾದರು.

ಗಾಣವೆಳೆಯುವುದು ಹೀನ ಕೆಲಸವಲ್ಲ; ಅದರಿಂದ ಅನ್ನ ಉಣ್ಣುವ ಮನೆತನಗಳು ನಮ್ಮ ನಡುವೆ ಇವೆ. ದುಡಿಮೆಯನ್ನು ಅವಮಾನದ ಆಯುಧವಾಗಿಸಿದ್ದೇ ಹೀನ. ಓದದಿದ್ದರೆ ದನ ಕಾಯಲು ಹೋಗು ಎಂಬ ಬೈಗುಳ ಊರೂರಲ್ಲಿ ಇಂದಿಗೂ ಕೇಳಿಬರುತ್ತದೆ. ದನ ಕಾದು, ಹೊಲ ಉತ್ತು ಮಕ್ಕಳನ್ನು ಓದಿಸಿದವರ ಶಾಲೆಯಿದು. ನೂರು ತುಂಬಿದ ಈ ಅಂಗಳದಲ್ಲಿ ದುಡಿಮೆ ಎಂದಿಗೂ ದಂಡನೆಯ ಹೆಸರಾಗದಿರಲಿ.